ಕಮಿಷನ್ ಯಾರ ಹೆಸರಿಗೆ

ಗುಬ್ಬಿ ಹೊಸ ಬಾಣಲಿಯ ತಳಕ್ಕೆ ಅಂಟಿಸಿದ್ದ ಬೆಲೆಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಎಣ್ಣೆ ಸವರಿ, ಸ್ವಲ್ಪ ಕಾದು, ಮತ್ತೆ ಕೆರೆದಳು. ನಲ್ಲಿ ಮಾತ್ರ ಬಿಡಲಿಲ್ಲ. ನೀರಿನ ಸದ್ದಿಗೆ ಹೊರಗಿನ ಮಾತು ಕೇಳಿಸದೆ ಹೋದರೆ ಎಂಬ ಅಳುಕು.

ಹೊರಕೋಣೆಯಲ್ಲಿ ಅಣ್ಣನ ಎದುರು ತೆರಿಗೆ ಸಲಹೆಗಾರರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

ಅಡುಗೆಮನೆ ಸಾಮಾನುಗಳನ್ನು ಬಳಸಿ ನೋಡಿ ವಿಡಿಯೋ ಹಾಕುವುದು ಗುಬ್ಬಿಯ ಕೆಲಸ. ಕೆಳಗಿನ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಕಂಪನಿಯವರು ಕಮಿಷನ್ ಕೊಡುತ್ತಿದ್ದರು. ನಾಚಿಕೆಯ ಹುಡುಗಿ, ಮುಖ ತೋರಿಸುತ್ತಿರಲಿಲ್ಲ, ದನಿ ಕೊಡುತ್ತಿರಲಿಲ್ಲ, ಬರೀ ಕೈ. ಬ್ಯಾಂಕಿನ ಕೌಂಟರಿನಲ್ಲಿ ಮಾತಾಡಲು ಹೆದರಿ ಅಣ್ಣನ ಖಾತೆಯ ನಂಬರನ್ನೇ ಕೊಟ್ಟಿದ್ದಳು. ಎಡವಟ್ಟಾದದ್ದು ಅಲ್ಲೇ. ಮನೆ ಸಾಲಕ್ಕೆ ಓಡಾಡುತ್ತಿದ್ದ ಅಣ್ಣ ಈಗ ಆ ಆದಾಯವನ್ನು ತನ್ನದೆಂದು ತೋರಿಸಲು ಹೊರಟಿದ್ದ. ಹಾಗಾದರೆ ಕಂಪನಿಯೂ ಅವನ ಹೆಸರನ್ನೇ ಖಾಯಂ ಮಾಡಿಕೊಳ್ಳುತ್ತಿತ್ತು. ಇಷ್ಟೂ ದುಡಿಮೆ ಅವಳ ಕೈಬಿಟ್ಟು ಹೋಗುತ್ತಿತ್ತು.

"ಸಂಬಳಕ್ಕೆ ಆಫೀಸಲ್ಲೇ ತೆರಿಗೆ ಹಿಡ್ಕೋತಾರೆ," ಎಂದರು ಸಲಹೆಗಾರರು. "ಇದು ಸ್ವಂತ ದುಡಿಮೆ, ಯಾರೂ ಹಿಡಿಯಲ್ಲ. ಬಂದಾಗೆಲ್ಲ ಒಂದಿಷ್ಟು ಎತ್ತಿಡಬೇಕು. ಇಟ್ಟಿದ್ದೀರಾ?"

ಅಣ್ಣ ಕೆಮ್ಮಿದ. "ಇನ್ಮೇಲೆ ಇಡೋಣ ಸಾರ್."

"ಖರ್ಚು ಕಳೀಬಹುದು. ಏನೇನು ತಗೊಂಡ್ರಿ?"

"ಅದೇ... ಪಾತ್ರೆಪಗಡ."

"ಕಂಪನಿಯವರು ಪುಕ್ಕಟೆ ಕಳಿಸಿದ್ದೂ ಆದಾಯಾನೇ. ಈ ವಿಡಿಯೋದಲ್ಲಿರೋ ಮಿಕ್ಸಿ ಎಲ್ಲಿದೆ?"

ಅಣ್ಣ ಪಕ್ಕದಲ್ಲೇ ಕೂತಿದ್ದ ಹೆಂಡತಿಯ ಮುಖ ನೋಡಿದ.

"ನಮ್ಮಮ್ಮನ ಮನೇಲಿ," ಎಂದಳು ಅತ್ತಿಗೆ. "ಇವ್ರನ್ನ ಕೇಳಿದ್ರೆ ಏನು ಹೇಳ್ತಾರೆ ಸಾರ್? ಮದ್ವೆಯಾದಾಗಿಂದ ಒಂದು ಲೋಟ ತೊಳೆದೋರಲ್ಲ."

"ನೀನು ಸುಮ್ನಿರೇ!"

ಸಲಹೆಗಾರರು ಪರದೆಯನ್ನು ಅಣ್ಣನತ್ತ ತಿರುಗಿಸಿದರು. "ಈ ಕೈ ಯಾರ್ದು? ನಿಮ್ದಂತೂ ಅಲ್ಲ."

"ಮನೇಲಿ ಯಾರ ಕೈ ಆದ್ರೇನು ಸಾರ್? ಎಲ್ಲಾ ಒಂದೇ."

"ಇಲಾಖೆಗೆ ಒಂದೇ ಅಲ್ಲ. ದುಡ್ಡು ಯಾರ ಖಾತೆಗಾದ್ರೂ ಬೀಳ್ಲಿ, ದುಡಿದೋರ ಆದಾಯ ಅದು. ಸುಳ್ಳು ಬರೆದ್ರೆ ನಾಳೆ ನಿಮ್ಮ ಕುತ್ತಿಗೆಗೇ ಬರುತ್ತೆ."

"ಬ್ಯಾಂಕಿಗೆ ಕಾಗದ ಕೊಡೋಕೆ ಇವತ್ತೇ ಕಡೇ ದಿನ. ಸಾಲ ಸಿಗ್ದಿದ್ರೆ ಮನೆ ಬೇರೆಯೋರ ಪಾಲು. ನಾನೇ ಮಾಡೋದು ಅಂತ ಬರ್ಕೊಳ್ಳಿ." ಅಣ್ಣ ದನಿ ತಗ್ಗಿಸಿದ. "ನನ್ನ ತಂಗಿ ಏನೂ ಅನ್ನಲ್ಲ. ಅರ್ಧಕ್ಕೆ ಸ್ಕೂಲ್ ಬಿಟ್ಟೋಳು, ಇವೆಲ್ಲ ಎಲ್ಲಿ ತಿಳಿಯುತ್ತೆ?"

ಸಲಹೆಗಾರರು ನಿಟ್ಟುಸಿರು ಬಿಟ್ಟರು. ಕೀಲಿಗಳ ಟಕಟಕ ಶುರುವಾಯಿತು.

ಗುಬ್ಬಿ ಬಾಣಲಿಯನ್ನು ಕಟ್ಟೆಯ ಮೇಲಿಟ್ಟು, ಎಣ್ಣೆಗೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಏನೇ? ಹೋಗು, ಸಾರ್‌ಗೆ ಕಾಫಿ ತಾ," ಎಂದ ಅಣ್ಣ.

ಅವಳು ಕದಲಲಿಲ್ಲ. "ಆ ಕೈ ನಂದು ಸಾರ್."

ಟಕಟಕ ನಿಂತಿತು.

"ಗುಬ್ಬಿ, ಹೊಸ ಮನೇಲಿ ನಿಂಗೂ ಒಂದು ರೂಮ್ ಇರುತ್ತೆ ಕಣೇ," ಅಣ್ಣನ ದನಿ ಮೆತ್ತಗಾಯಿತು. "ನಾನೇನು ಹೊರಗಿನೋನಾ? ಈಗ ಹಠ ಮಾಡ್ಬೇಡ."

"ಹಠ ಅಲ್ಲಣ್ಣ. ತೆರಿಗೆ ಎಷ್ಟಾದ್ರೂ ನಾನೇ ಕಟ್ತೀನಿ. ಬ್ಯಾಂಕಿಗೂ ನಾನೇ ಹೋಗ್ತೀನಿ."

ಸಲಹೆಗಾರರು ಅಣ್ಣನನ್ನು ನೋಡಿದರು. ಅಣ್ಣ ಅತ್ತಿಗೆಯನ್ನು ನೋಡಿದ. ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ನನ್ನ ಹೆಸರಲ್ಲಿ ಬರೀರಿ ಸಾರ್," ಎಂದಳು ಗುಬ್ಬಿ.

ಅವಳು ಲ್ಯಾಪ್‌ಟಾಪಿನ ಹತ್ತಿರಕ್ಕೇ ಬಂದು ನಿಂತಳು.

"ನನ್ನ ಹೆಸರಲ್ಲಿ ಬರೀರಿ."