ಚಿಕ್ಕಮ್ಮ ತೊಳೆದ ಅಂಗಿ

ಚಿಕ್ಕಮ್ಮನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬ್ಲೀಚಿಂಗ್ ಪುಡಿ ತಿಂದು ಹಾಕಿತ್ತು. ಉಗುರುಗಳು ನೆನೆದ ಕಾಗದದಂತೆ ಮಡಚಿಕೊಳ್ಳುತ್ತಿದ್ದವು. ಉಪ್ಪು ಮುಟ್ಟಿದರೆ ಉರಿ, ಖಾರ ಮುಟ್ಟಿದರೆ ಉರಿ. ಮನೆಯಲ್ಲಿ ಅಡುಗೆಯನ್ನು ಮಗಳಿಗೆ ಬಿಟ್ಟುಕೊಟ್ಟಿದ್ದಳು. ಲಾಂಡ್ರಿಯಲ್ಲಿ ಮಾತ್ರ ಉಪ್ಪು ಬಿಡುವಂತಿರಲಿಲ್ಲ. ರಕ್ತದ ಕಲೆಗೆ ಉಪ್ಪು ಬೇಕು.

ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲಿನ ಟವೆಲು, ಸೇತುವೆ ಪಕ್ಕದ ಪೊಲೀಸ್ ಠಾಣೆಯ ತಿಳಿನೀಲಿ ಅಂಗಿಗಳು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಯಂತ್ರಕ್ಕೆ ತುಂಬುವ ಮುಂಚೆ ಕಲೆಯಾದವುಗಳನ್ನು ಆರಿಸಿ ಚಿಕ್ಕಮ್ಮನ ತೊಟ್ಟಿಗೆ ಎಸೆಯುತ್ತಿದ್ದರು. ಎಣ್ಣೆ, ಶಾಯಿ, ವಾಂತಿ, ರಕ್ತ. ಯಾವುದು ಯಾರದು ಎಂದು ಅವಳು ಕೇಳುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಯಜಮಾನ ಹೇಳುತ್ತಿದ್ದ ಮೊದಲ ಮಾತೇ ಅದು: ಬಟ್ಟೆ ನೋಡಿ, ಬಟ್ಟೆಯೊಳಗಿದ್ದವರನ್ನು ನೋಡಬೇಡಿ.

ಠಾಣೆಯ ಗಂಟು ವಾರಕ್ಕೊಮ್ಮೆ ಬರುವುದು ವಾಡಿಕೆ. ಅವತ್ತು ಬೆಳಿಗ್ಗೆ ವಾಡಿಕೆ ತಪ್ಪಿ ಒಂದೇ ಒಂದು ಅಂಗಿ ಬಂತು. ಯಜಮಾನನೇ ಕೈಯಲ್ಲಿ ಹಿಡಿದು ತಂದಿದ್ದ. ಬಲತೋಳು ಮೊಣಕೈವರೆಗೂ ರಕ್ತ ಒಣಗಿ ಬಿರುಸಾಗಿತ್ತು. ಎದೆಯ ಮೇಲೆ ಹನಿಹನಿ ಚಿಮ್ಮಿತ್ತು.

"ಸಂಜೆಗೆ ಬೇಕಂತೆ. ಇದು ನಿನ್ನೊಬ್ಬಳ ಕೈಲೇ ಆಗೋದು ಚಿಕ್ಕಮ್ಮ," ಅಂದ.

ಹೊಗಳಿಕೆ ಅವಳಿಗೆ ಅಪರೂಪ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ತಣ್ಣೀರಲ್ಲೇ ನೆನೆಸಿದಳು. ಬಿಸಿನೀರು ತಾಗಿದರೆ ರಕ್ತ ನೂಲಿನೊಳಗೇ ಬೆಂದು ಕೂತುಬಿಡುತ್ತದೆ. ಉಪ್ಪು ಹಾಕಿ ಕಲೆಯ ಅಂಚಿನಿಂದ ನಡುವಿಗೆ ತಿಕ್ಕಿದಳು. ನೀರು ಕೆಂಪಾಯಿತು, ಚೆಲ್ಲಿದಳು. ತಿಳಿಗೆಂಪಾಯಿತು, ಚೆಲ್ಲಿದಳು. ಗುಂಡಿಯ ಕೆಳಗೆ ಒಂದು ಚುಕ್ಕೆ ಹಟ ಹಿಡಿಯಿತು. ಅವಳೂ ಹಟ ಹಿಡಿದಳು. ಕೊನೆಗೆ ಅಂಗಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು.

"ನೋಡೋ ಕರಿಯಾ, ಇದ್ರಲ್ಲಿ ತಪ್ಪು ಹುಡುಕು ನೋಡೋಣ," ಎಂದು ಇಸ್ತ್ರಿ ಮೇಜಿನ ಕಡೆ ತಿರುಗಿದಳು.

ಇಸ್ತ್ರಿ ಮೇಜು ಖಾಲಿ ಇತ್ತು.

ಇಸ್ತ್ರಿಯವನು ಹೊಳೆಯಾಚೆಯವನು. ಅವನ ಜನ ಹಿಂದೆಂದೋ ಮೂಟೆ ಹೊರಲು ಬಂದವರು, ಸೇತುವೆಯ ಆ ಕಡೆಗೇ ನಿಂತವರು. ಮೈ ಇದ್ದಿಲ ಬಣ್ಣ, ಮಾತಿನಲ್ಲಿ ಬೇರೆ ರಾಗ. ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಕರಿಯ ಅನ್ನುತ್ತಿದ್ದರು. ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ. ಕರೆದಾಗ ನಗುತ್ತಿದ್ದ. ದಿನವೂ ಚಿಕ್ಕಮ್ಮನ ಕೈಯಿಂದ ಬಂದ ಬಟ್ಟೆಯನ್ನು ಕಣ್ಣಿಗೆ ಅಂಟಿಸಿಕೊಂಡು, "ಇಲ್ಲೊಂದು ಚುಕ್ಕೆ ಉಳಿಸಿದೀರ, ನನಗೆ ದೃಷ್ಟಿಬೊಟ್ಟಿಗಾ?" ಎಂದು ಕೆಣಕುತ್ತಿದ್ದ. ಅಲ್ಲಿ ಚುಕ್ಕೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ಬಟ್ಟೆ ಮಡಿಸುವವಳು ಏದುಸಿರು ಬಿಡುತ್ತ ಬಂದಳು. ಎಲ್ಲರೂ ಅಣ್ಣ ಎನ್ನುವ ಲಾಂಡ್ರಿ ಗಾಡಿಯವನ ಹೆಂಡತಿಯಾದ್ದರಿಂದ ಎಲ್ಲರಿಗೂ ಅವಳು ಅತ್ತಿಗೆ. ಸೇತುವೆ ಮುಚ್ಚಿದ್ದಾರೆ, ಸುತ್ತಿ ಬಂದೆ ಅಂದಳು. ನಿನ್ನೆ ಸಂಜೆ ಇಸ್ತ್ರಿಯವನು ಮನೆಗೆ ಹೋಗುವಾಗ ಪೊಲೀಸರು ಸೇತುವೆಯಲ್ಲಿ ತಡೆದರಂತೆ. ಆಚೆ ಕಡೆಯವರನ್ನೆಲ್ಲ ತಡೆಯುತ್ತಿದ್ದರಂತೆ, ಏನೋ ಕಳವಾಗಿತ್ತಂತೆ. ಚೀಲದಲ್ಲೇನಿದೆ ಎಂದರಂತೆ. ಇವನು ಊಟದ ಡಬ್ಬಿ ತೆಗೆದು ತೋರಿಸಲು ಚೀಲಕ್ಕೆ ಕೈ ಹಾಕಿದನಂತೆ. ಅಷ್ಟೇ. ಈಗ ಆಸ್ಪತ್ರೆಯಲ್ಲಿದ್ದಾನೆ, ತಲೆ ಒಡೆದಿದೆ, ಮಾತಿಲ್ಲ, ಬಲಗೈ ಎತ್ತಲಾಗುತ್ತಿಲ್ಲ.

ಚಿಕ್ಕಮ್ಮನ ಕೈಯಲ್ಲಿದ್ದ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಹ್ಯಾಂಗರಿಗೆ ಸಿಕ್ಕಿಸಿದಳು. ಯಾಕೆ ಸಿಕ್ಕಿಸಿದಳೋ ಗೊತ್ತಿಲ್ಲ. ಕೈಗೆ ಅದೊಂದೇ ಗೊತ್ತಿತ್ತು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಬಾಯಿಗಳೂ ಬಿಚ್ಚಿದವು. ಪೊಲೀಸರ ಹೇಳಿಕೆ ಅಷ್ಟರಲ್ಲಿ ಎಲ್ಲರ ಫೋನಿಗೂ ಬಂದಿತ್ತು: ಆತನೇ ಮೈಮೇಲೆ ಬಿದ್ದ, ತಪ್ಪಿಸಿಕೊಳ್ಳಲು ಹೋಗಿ ಸೇತುವೆಯ ಮೆಟ್ಟಿಲ ಮೇಲೆ ಉರುಳಿದ, ಯಾರೂ ಕೈ ಮಾಡಿಲ್ಲ. ಬಸ್ಸಿನ ಕಿಟಕಿಯಿಂದ ಯಾರೋ ತೆಗೆದ ವಿಡಿಯೋ ಕೂಡ ಬಂದಿತ್ತು. ಅದರಲ್ಲಿ ಅವನು ಆಗಲೇ ನೆಲದ ಮೇಲಿದ್ದ. ಸುತ್ತ ನಿಂತವರು ಫೋನು ಎತ್ತಿ ಹಿಡಿದಿದ್ದರು. ಬೆಳಿಗ್ಗೆ ಆಚೆಯವರು ಗುಂಪಾಗಿ ಸೇತುವೆಗೆ ಬಂದಿದ್ದರು, ಆ ಗಲಾಟೆಯಲ್ಲಿ ಒಂದು ಅಂಗಡಿಯ ಗಾಜು ಒಡೆದಿತ್ತು. ಊರಿಗೆ ಊರೇ ಆ ಗಾಜಿನ ಬಗ್ಗೆ ಮರುಗುತ್ತಿತ್ತು. ಒಡೆದ ತಲೆಯ ಬಗ್ಗೆ ಕೇಳಿದವರು ಕಡಿಮೆ.

ಬಾಯ್ಲರ್ ನೋಡಿಕೊಳ್ಳುವವನನ್ನು ಎಲ್ಲರೂ ಮಾವ ಅನ್ನುತ್ತಿದ್ದರು. ಮಾವ ಒಳ್ಳೆಯವನೇ. ಇಸ್ತ್ರಿಯವನ ಮಗುವಿಗೆ ಜ್ವರ ಬಂದಾಗ ಔಷಧಿ ತಂದುಕೊಟ್ಟವನು. ಆದರೂ ಅಂದ, ಪಾಪ ಅನ್ನಿಸುತ್ತೆ ನಿಜ, ಆದರೆ ಪೊಲೀಸರೆದುರು ಚೀಲಕ್ಕೆ ಯಾಕೆ ಕೈ ಹಾಕಬೇಕಿತ್ತು? ಇದರಲ್ಲಿ ಬಣ್ಣದ ಮಾತು ಯಾಕೆ ತರುತ್ತಾರೆ? ಕತ್ತಲಾಗುತ್ತಿತ್ತು, ಅವರಿಗೂ ಹೆದರಿಕೆ ಇರುತ್ತದಲ್ಲ.

"ನಾವೇ ಅವನನ್ನ ಕರಿಯ ಅಂತೀವಿ. ಯಾವತ್ತಾದ್ರೂ ಬೇಜಾರು ಮಾಡ್ಕೊಂಡಿದಾನಾ? ಬಣ್ಣ ಅಂದ್ರೆ ಅಷ್ಟೇ, ಬಣ್ಣ."

ಅತ್ತಿಗೆ ತುತ್ತನ್ನು ಡಬ್ಬಿಗೇ ಇಟ್ಟಳು. "ಮಾವ, ನಿನ್ನ ಟೋಪಿ ಕತೆ ಒಂದ್ಸಲ ಹೇಳು," ಅಂದಳು.

ಟೋಪಿ ಕತೆ ಎಲ್ಲರಿಗೂ ಬಾಯಿಪಾಠ. ಮಾವ ಅದೇ ಸೇತುವೆಯ ಮೇಲೆ ಕುಡಿದು ತೂರಾಡುತ್ತ ಬಂದದ್ದು, ತಡೆದ ಪೊಲೀಸಿನವನ ಟೋಪಿ ಕಿತ್ತು ತನ್ನ ತಲೆಗಿಟ್ಟುಕೊಂಡದ್ದು, ಸೆಲ್ಯೂಟ್ ಹೊಡೆಯೋ ಅಂತ ಅವನಿಗೇ ಗದರಿದ್ದು. ಅವರು ನಕ್ಕು ನಕ್ಕು ಸುಸ್ತಾಗಿ, ಗಾಡಿಯಲ್ಲಿ ಕೂರಿಸಿಕೊಂಡು ಮನೆ ಬಾಗಿಲಿಗೆ ಬಿಟ್ಟು, ಅವನ ಹೆಂಡತಿಯ ಕೈಗೆ ಒಪ್ಪಿಸಿ ಹೋದದ್ದು. ವರ್ಷವೆಲ್ಲ ಲಾಂಡ್ರಿ ಆ ಕತೆಗೆ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ಇಸ್ತ್ರಿಯವನೇ ನಗುತ್ತಿದ್ದ.

ಮಾವ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ನೀನು ಟೋಪಿ ಕಿತ್ತೆ, ಅವನು ಡಬ್ಬಿ ತೆಗೆದ. ಇಬ್ಬರೂ ಮಾಡಿದ್ದು ಅದೇ ಸೇತುವೆ ಮೇಲೆ," ಅಂದಳು ಅತ್ತಿಗೆ. "ನಿನ್ನನ್ನ ಮನೆಗೆ ಬಿಟ್ರು."

ಮಾವ ಎದ್ದು ಬಾಯ್ಲರ್ ಕಡೆಗೆ ಹೋದ. ಆ ಹೊತ್ತಿನಲ್ಲಿ ಬಾಯ್ಲರಿಗೆ ಅವನ ಅಗತ್ಯವಿರಲಿಲ್ಲ.

ಆಗಲೇ ಇಸ್ತ್ರಿಯವನ ಹೆಂಡತಿ ಬಂದಳು. ಬಾಗಿಲಾಚೆ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ನೋಡಿದಳು. ಗಂಡ ಇಷ್ಟು ಕಾಲ ದುಡಿದ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಯಾರೂ ಕರೆದಿರಲಿಲ್ಲ.

"ಇಲ್ಲಿ ಚಿಕ್ಕಮ್ಮ ಅನ್ನೋರು ಯಾರು? ನಮ್ಮವರು ಮನೇಲಿ ಅವರ ಮಾತು ಆಡ್ತಾನೇ ಇರ್ತಾರೆ."

ಚಿಕ್ಕಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಹೆಂಡತಿ ಬಂದದ್ದು ಒಂದು ಆಸೆ ಹೊತ್ತು. ಪೊಲೀಸರ ಮೇಲೆ ಕೈ ಮಾಡಿದನೆಂದು ಅವನ ಮೇಲೆಯೇ ಕೇಸು ಹಾಕಿದ್ದಾರೆ. ಆಸ್ಪತ್ರೆಯಿಂದ ನೇರ ಜೈಲಿಗೇ ಅನ್ನುತ್ತಿದ್ದಾರೆ. ಬಿದ್ದವನನ್ನು ನಾವು ಯಾರೂ ಹತ್ತಿರ ಹೋಗಿ ಮುಟ್ಟಿಲ್ಲ, ನಮ್ಮ ಬಟ್ಟೆಯ ಮೇಲೆ ಒಂದು ಹನಿ ರಕ್ತವೂ ಇಲ್ಲ ಎಂದು ಪೊಲೀಸರು ಬರೆದುಕೊಟ್ಟಿದ್ದಾರೆ. ವಕೀಲರು ಏನಾದರೂ ಒಂದು ಗುರುತು ಸಿಕ್ಕರೆ ಸಾಕು ಅಂದಿದ್ದಾರೆ.

"ಆ ಪೊಲೀಸರ ಬಟ್ಟೆಯೆಲ್ಲ ಇಲ್ಲಿಗೇ ಬರೋದಲ್ವಾ ಚಿಕ್ಕಮ್ಮ? ಬಂದ್ರೆ ನೀರಿಗೆ ಹಾಕೋ ಮುಂಚೆ ಒಂದ್ಸಲ ನೋಡಿ. ನಮ್ಮವರನ್ನ ನೀವು ಮನೆ ಮಗನ ಥರ ನೋಡ್ಕೋತೀರಂತೆ."

ಅತ್ತಿಗೆ ಚಿಕ್ಕಮ್ಮನನ್ನು ನೋಡಿದಳು. ಹೆಂಡತಿಯ ತಲೆಯ ಮೇಲೆಯೇ, ಹಗ್ಗದಲ್ಲಿ, ಆ ಅಂಗಿ ತೂಗುತ್ತಿತ್ತು. ಹೊಚ್ಚ ಹೊಸದರಂತೆ.

"ನೋಡ್ತೀನಮ್ಮ," ಅಂದಳು ಚಿಕ್ಕಮ್ಮ.

ಹೆಂಡತಿ ಇಸ್ತ್ರಿ ಮೇಜಿನ ಪಕ್ಕದ ಗೂಟದಿಂದ ಗಂಡನ ಹಳೇ ಅಂಗಿ ತೆಗೆದುಕೊಂಡಳು. ಹೊರಡುವ ಮುಂಚೆ, ಬಿಟ್ಟುಬಿಡಬಹುದಾಗಿದ್ದ ಒಂದು ಮಾತನ್ನು ಆಡಿದಳು. "ನಾನು ಬರೋವಾಗ ಒಳಗೆ ಮಾತಾಡ್ತಿದ್ದದ್ದು ಕೇಳಿಸ್ತು. ಕರಿಯ ಅಂದ್ರೆ ಬೇಜಾರು ಮಾಡ್ಕೊಳಲ್ಲ ಅಂತ. ಇಲ್ಲಿ ನಗ್ತಿದ್ರೇನೋ. ಮನೇಲಿ ಆ ಮಾತು ತೆಗೆದ್ರೆ ಊಟ ಬಿಟ್ಟು ಏಳೋರು."

ಅವಳು ಹೋದ ಮೇಲೆ ಅತ್ತಿಗೆ ಊಟ ಉಳಿದ ಡಬ್ಬಿಯನ್ನು ಹಾಗೇ ಮುಚ್ಚಿದಳು.

ಯಜಮಾನ ಒಳಗಿನಿಂದ ಬಂದ. ಅಂಗಿ ಮುಟ್ಟಿ ನೋಡಿದ, ಮೆಚ್ಚಿದ, ಇಸ್ತ್ರಿ ಮಾಡಿಬಿಡು ಅಂದ. ಚಿಕ್ಕಮ್ಮ ಕೇಳಿದಳು, ಇದು ಯಾರ ರಕ್ತ ಅಂತ ನಿಮಗೆ ಗೊತ್ತಿತ್ತಾ ಯಜಮಾನ್ರೆ? ಆ ಲಾಂಡ್ರಿಯಲ್ಲಿ ಯಾರೂ ಕೇಳದ ಪ್ರಶ್ನೆ. ಅವನು ಸಿಟ್ಟಾಗಲಿಲ್ಲ. ಮೆಲ್ಲಗೆ ಲೆಕ್ಕ ಒಪ್ಪಿಸುವವನಂತೆ ಹೇಳಿದ: ಠಾಣೆಯ ಕೆಲಸ ಹೋದರೆ ಆಸ್ಪತ್ರೆಯದೂ ಹೋಗುತ್ತದೆ, ಆಮೇಲೆ ಈ ಬಾಗಿಲು ತೆರೆಯುವುದಿಲ್ಲ. ಅವನಿಗಾದದ್ದು ಆಗಿಹೋಯಿತು, ಇವರೆಲ್ಲರ ಹೊಟ್ಟೆ ನೋಡು. ಕಲೆ ಹೇಗೂ ಹೋಗಿದೆ, ಇನ್ನು ಹೇಳಿ ಯಾರಿಗೆ ಏನು ಸಿಗುತ್ತದೆ?

ಅವಳಿಗೆ ಒಂದು ಗಳಿಗೆ ಹಾಯೆನಿಸಿತು. ಕಲೆ ಹೇಗೂ ಹೋಗಿದೆ. ಆ ಹಾಯೆನಿಸಿದ್ದೇ ಅವಳನ್ನು ಸುಟ್ಟಿತು. ಇಸ್ತ್ರಿಪೆಟ್ಟಿಗೆ ಮುಟ್ಟಲಿಲ್ಲ. ಒದ್ದೆ ಸೀರೆಯಲ್ಲೇ ಹೊರಗೆ ಓಡಿದಳು.

ಮತ್ತೆ ತೆರೆದಿದ್ದ ಸೇತುವೆಯ ಈ ತುದಿಯಲ್ಲಿ ಹೆಂಡತಿಯನ್ನು ಪೊಲೀಸರು ತಡೆದು ನಿಲ್ಲಿಸಿದ್ದರು. ಚೀಲ ಕೊಡವಿಸುತ್ತಿದ್ದರು. ಗಂಡನ ಹಳೇ ಅಂಗಿ ರಸ್ತೆಯ ಮೇಲಿತ್ತು. ಚಿಕ್ಕಮ್ಮ ಹತ್ತಿರ ಬಂದಾಗ ಅವರಲ್ಲೇ ಒಬ್ಬ ಪೊಲೀಸಿನವನು ಸರಿದು ದಾರಿ ಬಿಟ್ಟ. "ಹೋಗಿ ಅಮ್ಮ, ಹೋಗಿ," ಅಂದ. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಅವಳು ಎಷ್ಟೋ ಸಲ ಇದೇ ಸೇತುವೆ ದಾಟಿದ್ದಳು. ಅವನು ಪ್ರತಿ ಸಲವೂ ಹಾಗೇ ಸರಿಯುತ್ತಿದ್ದ. ಅದಕ್ಕೊಂದು ಕಾರಣವಿರಬಹುದೆಂದು ಅವತ್ತಿನವರೆಗೆ ಅವಳಿಗೆ ಹೊಳೆದಿರಲಿಲ್ಲ.

ಬಗ್ಗಿ ಅಂಗಿ ಎತ್ತಿಕೊಂಡಳು. ಧೂಳು ಕೊಡವಿದಳು. ಪೊಲೀಸರು ಬಿಟ್ಟ ಮೇಲೆ ಕಂಬದ ಪಕ್ಕ ನಿಂತು ಹೇಳಿದಳು.

"ರಕ್ತ ಇತ್ತಮ್ಮ. ಬೆಳಿಗ್ಗೆ ನಾನೇ ತೆಗೆದೆ. ಗೊತ್ತಿರಲಿಲ್ಲ."

ಹೆಂಡತಿ ಅವಳ ಕೈಯಿಂದ ಗಂಡನ ಅಂಗಿ ತೆಗೆದುಕೊಂಡು ಮಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚಿಕ್ಕಮ್ಮನಿಗೆ ಒಂದಿಷ್ಟು ಸಲೀಸಾಗುತ್ತಿತ್ತು.

"ಪೂರ್ತಿ ಹೋಯ್ತಾ?"

"ಪೂರ್ತಿ."

"ಹಾಗಾದ್ರೆ ವಿಚಾರಣೆಗೆ ಬಂದು ಬಾಯಲ್ಲಿ ಹೇಳಿ. ನಾವು ಹೇಳಿದ್ರೆ ಸುಳ್ಳು ಅಂತಾರೆ. ನಿಮ್ಮ ಮುಖ ನೋಡಿದ್ರೆ ನಂಬ್ತಾರೆ."

ಅದನ್ನವಳು ಕುಹಕವಾಗಿ ಹೇಳಲಿಲ್ಲ. ದಾರಿ ಹೇಳುವವರಂತೆ ಹೇಳಿದಳು. ಚಿಕ್ಕಮ್ಮನ ತಲೆ ಮತ್ತೂ ಕೆಳಗಾಯಿತು.

ವಾರದ ಮೇಲೆ ಚಿಕ್ಕಮ್ಮ ಹೇಳಿಕೆ ಕೊಡಲು ಹೋದಳು. ವಿಚಾರಣೆಯ ಅಧಿಕಾರಿ ಸೌಮ್ಯ ಮನುಷ್ಯ. ಚಿಕ್ಕಮ್ಮ ಒಳಗೆ ಬಂದ ಕೂಡಲೇ ಕುರ್ಚಿ ತರಿಸಿದ. ಕೂತ್ಕೊಳ್ಳಿ ಅಮ್ಮ, ವಯಸ್ಸಾದವರು ಅಂದ. ಹೆಂಡತಿ ಬೆಳಗಿನಿಂದ ಅದೇ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ಬಂದದ್ದು ಒಂದೇ ಕುರ್ಚಿ. ಚಿಕ್ಕಮ್ಮ ಅದರ ಬೆನ್ನು ಹಿಡಿದುಕೊಂಡು ನಿಂತೇ ಇದ್ದಳು.

ಯಾರ ವಿಷಯ ಹೇಳಬೇಕೆಂದು ಬಂದಿರಿ ಎಂದು ಅವನು ಕೇಳಿದ.

"ನಮ್ಮ ಕರಿ..." ಎಂದು ಬಾಯಿಗೆ ಬಂತು. ಪಕ್ಕದಲ್ಲಿ ಹೆಂಡತಿ ಇದ್ದಳು. ಚಿಕ್ಕಮ್ಮ ಆ ಮಾತನ್ನು ನುಂಗಿದಳು. "ಇವಳ ಗಂಡನ ವಿಷಯ," ಅಂದಳು.

ಹೇಳಿದಳು. ತೋಳು, ಎದೆ, ಗುಂಡಿಯ ಕೆಳಗಿನ ಚುಕ್ಕೆ, ಮತ್ತೆ ಮತ್ತೆ ಚೆಲ್ಲಿದ ಕೆಂಪು ನೀರು. ಅಧಿಕಾರಿ ಪೆನ್ನು ತೆರೆಯಲಿಲ್ಲ. ವಕೀಲರು ಕೇಳಿದ್ದಕ್ಕೆ ಆ ಅಂಗಿಯನ್ನು ತರಿಸಿ ಪರೀಕ್ಷೆ ಮಾಡಿಸಿದ್ದೇವೆ, ಅದರಲ್ಲಿ ಏನೂ ಸಿಕ್ಕಿಲ್ಲ ಅಂದ. ಆಮೇಲೆ ದನಿ ತಗ್ಗಿಸಿದ. ಮನೆಯ ಹಿರಿಯನೊಬ್ಬ ಬುದ್ಧಿ ಹೇಳುವ ದನಿ ಅದು.

"ಅಮ್ಮ, ನೀವು ಮರ್ಯಾದಸ್ಥರು. ಇವರ ಗಲಾಟೆಗೆ ಯಾಕೆ ಸಿಕ್ಕಾಕೋತೀರಿ? ನೀವು ಹೇಳೋದನ್ನ ನಾನು ಬರ್ಕೊಂಡ್ರೆ ಸಾಕ್ಷಿ ನಾಶ ಮಾಡಿದವರು ನೀವೇ ಆಗ್ತೀರಿ. ಕೇಸು ನಿಮ್ಮ ಮೇಲೇ."

ಚಿಕ್ಕಮ್ಮನಿಗೆ ಮಗಳು ನೆನಪಾದಳು, ಮುಚ್ಚಲಿರುವ ಲಾಂಡ್ರಿ ಬಾಗಿಲು ನೆನಪಾಯಿತು. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು.

"ಅದನ್ನೇ ಬರ್ಕೊಳ್ಳಿ ಸ್ವಾಮಿ," ಅಂದಳು. "ರಕ್ತ ತೊಳೆದು ಹಾಕಿದ್ದು ಇವಳೇ ಅಂತ ನನ್ನ ಮೇಲೆ ಕೇಸು ಹಾಕಿ. ತೊಳೆಯೋಕೆ ರಕ್ತ ಇತ್ತು ಅಂತ ಮೊದಲು ಒಪ್ಕೋಬೇಕಾಗತ್ತೆ ನೀವು."

ಅಧಿಕಾರಿಯ ಮುಖದಿಂದ ಸೌಮ್ಯತೆ ಇಳಿಯಿತು. ಇಸ್ತ್ರಿ ಬಿಟ್ಟುಹೋದ ಬಟ್ಟೆಯಂತೆ ಮುಖ ಸುಕ್ಕಾಯಿತು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. ಇನ್ನೊಂದು ದಿನ ಬನ್ನಿ ಅಂದ.

"ಬರೆದ ಮೇಲೆ ಹೋಗ್ತೀನಿ."

ಬಾಗಿಲಲ್ಲಿ ಸದ್ದಾಯಿತು. ಅತ್ತಿಗೆ ನಿಂತಿದ್ದಳು. ಅವಳ ಹಿಂದೆ ಬಾಯ್ಲರ್ ಮಾವ, ಕೈಗೆ ಅಂಟಿದ ಮಸಿಯನ್ನೂ ತೊಳೆದಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಬಾಯ್ಲರ್ ಆರಿಸಿ ಬಂದಿದ್ದ. ಯಾರು ಇವರೆಲ್ಲ ಎಂದು ಅಧಿಕಾರಿ ಗದರಿದ. ಮಾವ ಹೆಂಡತಿಯ ಕಡೆ ನೋಡಲು ಹೋಗಿ, ನೋಡಲಾರದೆ, ನೆಲ ನೋಡಿದ.

"ನಾನು ಒಂದು ಸಲ ಪೊಲೀಸಿನವರ ಟೋಪಿ ಕಿತ್ಕೊಂಡಿದ್ದೆ," ಅಂದ. "ಅದನ್ನೂ ಬರ್ಕೊಳ್ಳಿ. ನನಗೆ ಏನೂ ಮಾಡಲಿಲ್ಲ ಅಂತ ಸೇರಿಸಿ."

ಈ ಸಲ ಆ ಕತೆಗೆ ಯಾರೂ ನಗಲಿಲ್ಲ.

ಕುರ್ಚಿ ಖಾಲಿಯೇ ಇತ್ತು. ಚಿಕ್ಕಮ್ಮ ಅದನ್ನು ಹೆಂಡತಿಯ ಕಡೆಗೆ ತಳ್ಳಿದಳು. ಹೆಂಡತಿ ಕುರ್ಚಿಯನ್ನು ನೋಡಿದಳು, ಚಿಕ್ಕಮ್ಮನ ಬಿಳಿಚಿದ ಬೆರಳುಗಳನ್ನು ನೋಡಿದಳು. ಕೂರಲಿಲ್ಲ.

"ಅವರು ಬರೀಲಿ. ಆಮೇಲೆ ಕೂರ್ತೀನಿ."

ನಾಲ್ವರೂ ನಿಂತೇ ಇದ್ದರು. ಪೆನ್ನು ಇನ್ನೂ ಕಾಗದ ಮುಟ್ಟಿರಲಿಲ್ಲ.