ಹಾಸಿನ ನೂಲು, ಹಿಂದಿನ ಗಾಲಿ

ಸೋಮವಾರ ಬೆಳಿಗ್ಗೆ ಕಲ್ಲು ಕ್ವಾರಿಯ ಬಿಳಿ ಜೀಪು ಹಿಂದಿನಿಂದ ಬಂದು ರಮಾಬಾಯಿಯ ಡರ್ಟ್ ಬೈಕಿಗೆ ಗುದ್ದಿತು. ಅವಳು ಬಲಕ್ಕೆ ಬಿದ್ದಳು. ಜೀಪು ನಿಲ್ಲಲಿಲ್ಲ.

ಬುಧವಾರದ ಹೊತ್ತಿಗೆ ಇಳಕಲ್ಲಿನ ಚಹಾದಂಗಡಿಗಳಲ್ಲಿ ಕಥೆ ಬೇರೆಯಾಗಿತ್ತು. ಜೀಪೇ ಇರಲಿಲ್ಲವಂತೆ. ಗಾಡಿ ಮೊದಲೇ ಕೆಟ್ಟಿತ್ತಂತೆ. ಕಲ್ಲು ಒಡೆಯುವ ದುರಗಪ್ಪನ ಮಗಳಿಗೆ ದಿಬ್ಬ ಹಾರುವ ಗಾಡಿ ಯಾಕೆ ಬೇಕಿತ್ತು, ತಾನೇ ಬಿದ್ದಳಂತೆ. ರಮಾಬಾಯಿ ಠಾಣೆಯಲ್ಲಿ ದೂರು ಕೊಟ್ಟಿದ್ದಳು. ಗಾಡಿಗೆ ಎಲ್ಲಿ ಏನಾಗಿದೆ ಎಂದು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಬಾ ಎಂದಿದ್ದರು. ಹಾಗಾಗಿ ಅವಳ ಮಾತು ನಿಲ್ಲುವುದೋ ಬೀಳುವುದೋ ಈಗ ಬಸವಂತನ ಕೈಯಲ್ಲಿತ್ತು.

ಬಸವಂತನ ಗ್ಯಾರೇಜು ಎಂದರೆ ಅವನ ಮನೆಯ ಮುಂಭಾಗವೇ. ಒಳಗೆ ತಾಯಿ ಬಾಳವ್ವ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಹೊರಗೆ ಮಗ ಪಾನಾ ಹಿಡಿಯುತ್ತಿದ್ದ. ಇಂಜಿನ್ ನಿಂತಾಗಲೆಲ್ಲ ಲಾಳಿಯ ಸದ್ದು ಕೇಳುತ್ತಿತ್ತು.

“ಏನ್ ಮಾಡ್ತೈತಿ ಗಾಡಿ, ಹೇಳು” ಎಂದು ಅವನು ರಮಾಬಾಯಿಯನ್ನು ಕೇಳಿದ.

“ಕೈ ಸಡಿಲ ಬಿಟ್ರ ಎಡಕ್ಕ ಎಳೀತೈತಣ್ಣ. ಸೀದಾ ಹೋಗಬೇಕಂದ್ರ ಹ್ಯಾಂಡಲ್ ಬಲಕ್ಕ ತಿರುವಿ ಹಿಡೀಬೇಕು. ತೋಳು ಸೋತು ಹೋಗ್ಯಾವ.”

ಬಸವಂತ ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ನೋಡಿದ. ಸ್ವಲ್ಪ ಓರೆಯಾಗಿತ್ತು. “ಫೋರ್ಕ್ ತಿರುಚೈತಿ. ಬಿದ್ದಾಗ ಹಿಂಗ ಆಗತೈತಿ” ಎಂದು ಬೋಲ್ಟು ಸಡಿಲಿಸಿ, ನಾಲ್ಕು ಸಲ ಜೋರಾಗಿ ಅದುಮಿ, ನೇರಕ್ಕೆ ಬಂದ ಮೇಲೆ ಬಿಗಿದ. ಮುಂಭಾಗ ಎತ್ತಿ ಹ್ಯಾಂಡಲ್ ಅತ್ತಿತ್ತ ತೂಗಿದ. ಬೇರಿಂಗು ಬೆಣ್ಣೆಯ ಹಾಗಿತ್ತು. ಗಾಲಿಗೆ ಗಾಳಿ ನೋಡಿದ. ರಮಾಬಾಯಿ ಬಸ್‌ಸ್ಟ್ಯಾಂಡಿನವರೆಗೆ ಓಡಿಸಿ ಬಂದಳು.

“ಇನ್ನೂ ಎಳೀತೈತಿ.”

ಅವನು ಹಿಂದೆ ಕೂತ. ಹಿಂದಿನ ಗಾಲಿಯನ್ನು ಹಿಡಿದಿರುವ ಆರ್ಮಿನ ಎರಡೂ ತುದಿಯಲ್ಲಿ ಕಂಪನಿ ಕೊರೆದ ಗೀಟುಗಳಿರುತ್ತವೆ; ಗಾಲಿಯ ಅಚ್ಚು ಎರಡೂ ಕಡೆ ಒಂದೇ ಗೀಟಿಗೆ ಕೂತಿದ್ದರೆ ಗಾಲಿ ನೇರ ಎಂದು ಲೆಕ್ಕ. ಎಡಕ್ಕೆ ಮೂರನೆಯ ಗೀಟು, ಬಲಕ್ಕೂ ಮೂರನೆಯದೇ.

“ಹಿಂದಿಂದು ಬರೋಬ್ಬರಿ ಐತಿ” ಎಂದು ತಲೆ ಕೆರೆದುಕೊಂಡ. “ತಂಗಿ, ಸಿಟ್ಟಾಗಬ್ಯಾಡ. ಜೀಪು ಗುದ್ದಿದ್ದು ಖರೇನಾ? ಗರಸಿನ್ಯಾಗ ಗಾಲಿ ಜಾರಿರಬೇಕು.”

ರಮಾಬಾಯಿ ಹೆಲ್ಮೆಟ್ ತೆಗೆದು ಅವನನ್ನೇ ನೋಡಿದಳು. “ಬಸವಂತಣ್ಣ, ನೀನೂ ಅವರ ಅಂಗಡ್ಯಾಗ ಚಹಾ ಕುಡದು ಬಂದೀ ಏನು?”

ಒಳಗೆ ಲಾಳಿ ನಿಂತಿತು. ಬಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಲೇ ಬಸ್ಯಾ, ಗೀಟು ನಂಬಿ ಹಾಸು ಹೂಡಿದ್ರ ಸೀರಿ ಸೊಟ್ಟ ಬರತೈತಿ. ನೂಲು ಎಳದು ನೋಡು.”

“ಯವ್ವಾ, ಇದು ಗಾಡಿ. ನಿನ್ನ ಸೀರಿ ಅಲ್ಲ.”

“ಎರಡೂ ಸೀದಾ ಇರಬೇಕಲ್ಲೋ?”

ಅವಳು ಸೀರೆಯ ಉದ್ದನೆಳೆಗೆ ಹಾಕುವ ಹಾಸಿನ ನೂಲು ಉದ್ದಕ್ಕೆ ಕತ್ತರಿಸಿ ತಂದಳು. ಬಸವಂತ ಗೊಣಗುತ್ತಲೇ ಗಾಡಿಯನ್ನು ಸ್ಟ್ಯಾಂಡಿಗೇರಿಸಿದ. ನೂಲನ್ನು ಹಿಂದಿನ ಟೈರಿಗೆ ಬಳಸಿ, ಎರಡು ತುದಿಗಳನ್ನು ಗಾಡಿಯ ಎರಡೂ ಮಗ್ಗುಲಲ್ಲಿ ಮುಂದಕ್ಕೆ ತಂದ. ರಮಾಬಾಯಿ ಹ್ಯಾಂಡಲ್ ನೇರ ಹಿಡಿದಳು. ಬಾಳವ್ವ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ತುದಿ ಬಿಗಿಯಾಗಿ ಎಳೆದಳು. ನಲವತ್ತು ವರ್ಷ ನೂಲು ಎಳೆದ ಕೈ, ಒಂದಿಷ್ಟೂ ನಡುಗಲಿಲ್ಲ.

ಎಡಗಡೆಯ ನೂಲು ಮುಂದಿನ ಟೈರಿಗೆ ಅಂಟಿಕೊಂಡಿತ್ತು. ಬಲಗಡೆ ಎರಡು ಬೆರಳು ತೂರುವಷ್ಟು ಸಂದು.

“ಮುಂದಿನ ಗಾಲಿ ಹುನಗುಂದಕ್ಕ ಹೊಂಟೈತಿ, ಹಿಂದಿಂದು ಕುಷ್ಟಗಿಗೆ” ಎಂದು ಬಾಳವ್ವ ನಕ್ಕಳು.

ಬಸವಂತ ನಗಲಿಲ್ಲ. ನೀರು ತಂದು ಹಿಂದಿನ ಆರ್ಮಿಗೆ ಮೆತ್ತಿದ್ದ ಮಣ್ಣು ತೊಳೆದ. ಎಡ ತುದಿಯಲ್ಲಿ ಕಬ್ಬಿಣ ಮುಂದಕ್ಕೆ ಮಡಚಿತ್ತು. ಮಡಚಿದ ಜಾಗದಲ್ಲಿ ಬಿಳಿ ಬಣ್ಣ ಅಂಟಿತ್ತು. ಕೊರೆದ ಗೀಟುಗಳು ಕಬ್ಬಿಣದ ಜೊತೆಗೇ ಸರಿದು, ಏನೂ ಆಗಿಲ್ಲವೆಂಬಂತೆ ಕೂತಿದ್ದವು. ಬಿದ್ದ ತರಚು ಇದ್ದದ್ದೆಲ್ಲ ಬಲಗಡೆ, ಹ್ಯಾಂಡಲ್ ತುದಿಗೆ, ಫುಟ್‌ರೆಸ್ಟಿಗೆ. ಬಲಕ್ಕೆ ಬಿದ್ದವಳ ಗಾಡಿ ಎಡಗಡೆ ಹಿಂದೆ ತಾನಾಗಿ ಮಡಚುವುದಿಲ್ಲ.

“ತಪ್ಪಾತು ತಂಗಿ.”

“ತಪ್ಪಾತಂದ್ರ ಮುಗೀಲಿಲ್ಲ. ಇದನ್ನ ಬರಕೊಡು.”

ಬರೆದುಕೊಟ್ಟ. ಗುದ್ದಿದ್ದು ಹಿಂದಿನಿಂದ, ಎಡಗಡೆಯಿಂದ, ಬಿಳಿ ಬಣ್ಣದ ಗಾಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಮಾಡಿದ. ರಮಾಬಾಯಿ ಆ ಚೀಟಿಯನ್ನು ಅಂದೇ ಠಾಣೆಗೆ ಕೊಟ್ಟು ಬಂದಳು. ಬಸವಂತ ಹುನಗುಂದದಿಂದ ಬೇರೆ ಆರ್ಮ್ ತರಿಸಿ ಶನಿವಾರ ಕೂಡಿಸಿದ. ಮತ್ತೆ ನೂಲು ಹಿಡಿದಾಗ ಎರಡೂ ಕಡೆ ಒಂದೇ ಬೆರಳಿನ ಸಂದು. ರಮಾಬಾಯಿ ಓಣಿಯ ತುದಿಯಿಂದ ಎರಡೂ ಕೈ ಬಿಟ್ಟು ಓಡಿಸಿಕೊಂಡು ಬಂದಳು. ಗಾಡಿ ಗೆರೆ ಎಳೆದ ಹಾಗೆ ಬಂತು. ಮರುದಿನ ಅಮೀನಗಡದ ಕರದಂಟು, ಹಲ್ಲಿಗೆ ಅಂಟುವ ಗಟ್ಟಿ ಮಿಠಾಯಿ, ತಂದಳು.

“ಹಲ್ಲಿಲ್ಲದ ಮುದುಕಿಗೆ ಕರದಂಟು ತಂದಾಳ ನೋಡು, ಕುಚೋದ್ಯ!” ಎನ್ನುತ್ತ ಬಾಳವ್ವ ದೊಡ್ಡ ತುಂಡನ್ನೇ ಆರಿಸಿ ದವಡೆಗಿಟ್ಟುಕೊಂಡಳು.

ಮೂವರೂ ಕಟ್ಟೆಯ ಮೇಲೆ ಕೂತು ಅದನ್ನು ಚೀಪುತ್ತಿರುವಾಗ ಬಿಳಿ ಜೀಪು ಬಂದು ನಿಂತಿತು. ಮುಂದಿನ ಬಂಪರಿಗೆ ಹೊಸ ಬಣ್ಣ. ಕ್ವಾರಿಯ ಮ್ಯಾನೇಜರ್ ದೀಪಕ ಇಳಿದ. ಕ್ವಾರಿಯವರ ಬೈಕುಗಳೆಲ್ಲ ರಿಪೇರಿಗೆ ಬರುತ್ತಿದ್ದುದು ಬಸವಂತನ ಕಡೆಗೇ. ದೀಪಕ ರಮಾಬಾಯಿಯತ್ತ ನೋಡಲೇ ಇಲ್ಲ. ಗೋಡೆಯ ಮೊಳೆಗೆ ನೇತು ಹಾಕಿದ್ದ ಸೊಟ್ಟ ಆರ್ಮಿನತ್ತ ನೋಡಿದ.

“ಬಸವಂತ, ಅದನ್ನ ಜೀಪಿನ್ಯಾಗ ಹಾಕು, ಗುಜರಿಗೆ ಕಳಸ್ತೀವಿ. ಇನ್ನೊಂದು ಚೀಟಿ ಬರಿ, ಗಾಡಿ ಮೊದಲ ಕೆಟ್ಟಿತ್ತು, ನೋಡೂದ್ರಾಗ ನಾ ತಪ್ಪಿದೆ ಅಂತ.”

“ತಪ್ಪಿದ್ದು ಖರೆ ರೀ. ಮೊದಲು ಬರೇ ಗೀಟು ನೋಡಿದ್ದೆ.”

“ಹಂಗಾರ ಬರಿ. ನಮ್ಮ ಗಾಡಿ ನಾಳಿಂದ ಬ್ಯಾರೆ ಕಡೆ ಹೋಗೂದು ಬ್ಯಾಡ ಅಂದ್ರ ಬರಿ.”

ಬಸವಂತ ಬಾಯೊಳಗಿನ ಕರದಂಟನ್ನು ನಿಧಾನವಾಗಿ ನುಂಗಿದ. ಎದ್ದು ಹೋಗಿ ಮೊಳೆಯ ಮೇಲಿನ ಆರ್ಮನ್ನು ಕೆಳಗಿಳಿಸಿ ತಾಯಿಯ ತೊಡೆಯ ಮೇಲಿಟ್ಟ. ಬಾಳವ್ವ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

“ಗಾಡಿ ಎಲ್ಲಿ ಬೇಕಲ್ಲಿ ಒಯ್ಯಿರಿ ಸಾಹೇಬ್ರ” ಎಂದ ಬಸವಂತ. “ಇದನ್ನ ಕೊಡೂದಿಲ್ಲ. ಅದನ್ನ ಬರಿಯೂದಿಲ್ಲ.”