ಹಿಲ್ಡೂರ್‌ಗೆಂದು ಕೊಡದ ರಕ್ತ

ಆ ಬೇಟೆಯ ನಂತರ ನನ್ನ ಅಕ್ಕ ಹಿಲ್ಡೂರ್ ನನ್ನ ಜೊತೆ ಮಾತು ಬಿಟ್ಟಳು. ನಮ್ಮಲ್ಲಿ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆ ಹೊಡೆಯುವಾಗ ಮೊದಲು ಮರಿ, ಆಮೇಲೆ ತಾಯಿ; ತಾಯಿಯಿಲ್ಲದ ಮರಿ ಚಳಿಗಾಲ ದಾಟದು. ಮಂಜಿನಲ್ಲಿ ನನಗೆ ಮರಿ ಕಾಣಲಿಲ್ಲ, ತಾಯಿಗೆ ಹೊಡೆದೆ. ಬೇಟೆಯ ತಂಡಕ್ಕೆ ಹಿಲ್ಡೂರಳೇ ಯಜಮಾನಿ. ಎಲ್ಲರೆದುರು ನನ್ನನ್ನು ಹೊರಹಾಕಿದಳು.

ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ತೆಗೆಯಬೇಕು, ರಕ್ತ ಬೇಕೇ ಬೇಕು. ನಮ್ಮ ಸೀಮೆಯ ಕೆಲವೇ ಮನೆತನಗಳಲ್ಲಿರುವ ರಕ್ತ ನಮ್ಮದು. ಬೇರೆಲ್ಲರ ಕೆಂಪು ಕಣಗಳ ಮೇಲಿರುವ ಒಂದು ಗುರುತು ನಮ್ಮ ಕಣಗಳ ಮೇಲಿಲ್ಲ. ಆ ಗುರುತು ಕಂಡರೆ ಕಣವನ್ನೇ ಒಡೆದುಹಾಕುವ ಪ್ರತಿಕಾಯ ನಮ್ಮಲ್ಲಿದೆ. ಎಲ್ಲರಿಗೂ ಆಗುತ್ತದೆನ್ನುವ ಓ ನೆಗೆಟಿವ್ ಕೂಡ ಹಿಲ್ಡೂರಳನ್ನು ಕೊಂದೀತು. ಒಡಹುಟ್ಟಿದವರೆಲ್ಲರಿಗೂ ಅದು ಬರುವುದಿಲ್ಲ, ತಮ್ಮ ಆರ್ವಿಡ್‌ನದು ಹೊಂದಲಿಲ್ಲ. ನನ್ನದು ಹೊಂದಿತು.

ಊಮಿಯೊ ಪಟ್ಟಣದ ಆಸ್ಪತ್ರೆಗೆ ಹೋದಾಗ ಅವಳು ನಮ್ಮ ಸೀಮೆಯ ರೂಢಿಯಂತೆ ಕಾಫಿಯೊಳಗೆ ಚೀಸಿನ ತುಂಡು ಅದ್ದುತ್ತಿದ್ದಳು. ಪಕ್ಕದಲ್ಲಿ ಡಾಕ್ಟರು ನಿಂತಿದ್ದರು.

“ನಿನ್ನನ್ಯಾರು ಕರೆದ್ರು?”

“ಡಾಕ್ಟರು.”

“ದಕ್ಷಿಣದಿಂದ ಬಂದವರು, ನಮ್ಮ ಜಗಳ ಅವರಿಗೇನ್ ಗೊತ್ತು. ನಿನ್ ರಕ್ತ ಬೇಡ ಅಂತ ಹೇಳಿದೀನಿ. ನಾಳೆ ‘ಅಕ್ಕನ ಜೀವ ಉಳಿಸ್ದೆ, ತಂಡಕ್ಕೆ ಸೇರಿಸ್ಕೊಳ್ಳಿ’ ಅಂತ ಬರ್ತೀಯ.”

“ನಿನ್ ತಂಡ ನೀನೇ ಇಟ್ಕೋ. ಕೆಮ್ಮೋ ಮುದುಕರ ಸಂತೆ.”

“ರಕ್ತ ಇಲ್ದೆ ನಾನು ಚಾಕು ಮುಟ್ಟಲ್ಲ, ಹಿಲ್ಡೂರ್,” ಎಂದರು ಡಾಕ್ಟರು.

“ಮುಟ್ಬೇಡಿ.”

ನಾನು ಅಂಗಿಯ ತೋಳು ಮೇಲಕ್ಕೆ ಮಡಚಿದೆ.

“ತಗೊಳ್ಳಿ ಡಾಕ್ಟರೇ. ಇವಳಿಗಲ್ಲ. ಇಂಥ ರಕ್ತ ಫ್ರೀಜರಲ್ಲಿ ವರ್ಷಗಟ್ಟಲೆ ಇಡ್ತೀರಲ್ಲ, ಅಲ್ಲಿಗೆ ಹಾಕಿ. ನಮ್ಮಂಥೋಳು ಇನ್ಯಾವಳೋ ಹೆರಿಗೇಲಿ ರಕ್ತ ಸುರೀತಾ ಮಲಗಿರ್ತಾಳೆ. ಅವಳಾದ್ರೂ ಬದುಕಲಿ.”

ಹಿಲ್ಡೂರ್ ಬಟ್ಟಲು ಕೆಳಗಿಟ್ಟಳು. “ಯಾವಳು?”

“ಯಾವಳೋ. ಸಾಯೋಳಿಗೆ ಅದೆಲ್ಲ ಯಾಕೆ?”

ಅವಳು ನನ್ನ ಕಡೆ ನೋಡದೆ ಡಾಕ್ಟರನ್ನು ಕೇಳಿದಳು: “ಅಲ್ಲಿ ಇಟ್ಟಿದ್ದು ಯಾರಿಗೆ ಸಿಗತ್ತೆ?”

“ಯಾರಿಗೆ ಮೊದಲು ಬೇಕಾಗತ್ತೋ ಅವರಿಗೆ.”

“ಹಾಗಾದ್ರೆ ನನಗೇ. ಇವಳನ್ನ ಕೇಳ್ತಿಲ್ಲ, ತಿಳ್ಕೊಳ್ಳಿ. ನಿಮ್ಮ ಫ್ರೀಜರನ್ನ ಕೇಳ್ತಿದೀನಿ.”

“ನಾನೂ ಫ್ರೀಜರಿಗೇ ಕೊಡ್ತಿರೋದು,” ಎಂದೆ.

ರಕ್ತ ತೆಗೆಯುವ ಕೋಣೆಯವರೆಗೂ ಹಿಂದೆಯೇ ಬಂದಳು. ಚೀಲ ಸರಿಯಾಗಿ ತುಂಬುತ್ತದೋ ಇಲ್ಲವೋ ನೋಡಬೇಕಂತೆ. ಸೂಜಿ ಚುಚ್ಚಿದರು. ಅವಳು ಕುರ್ಚಿ ಎಳೆದುಕೊಂಡು ಎದುರೇ ಕೂತಳು.

“ಮುಷ್ಟಿ ಬಿಗಿ ಮಾಡಿ ಬಿಡೇ, ಸೋಮಾರಿ.”

ನಾನು ಬೇಕೆಂದೇ ನಿಧಾನ ಮಾಡಿದೆ.